ಮಾತು ಬಿಟ್ಟುಕೊಟ್ಟ ದೂತ

ತೊರೆನಾಡಿಗೆ ಕೋಟೆ ಇರಲಿಲ್ಲ. ಆನೆ ಇರಲಿಲ್ಲ. ರೇಚವ್ವ ಇದ್ದಳು.

ಮೂವರು ನಾಡಗೌಡರ ಕಾಲದಲ್ಲಿ ಅವಳು ನಾಡಿನ ದೂತೆಯಾಗಿ ಅರಸರ ಸಭೆಗಳಿಗೆ ಹೋಗಿ ಬಂದಿದ್ದಳು. ಈಗ ವಯಸ್ಸಾಗಿತ್ತು. ಹೊಳೆಯ ದಂಡೆಯಲ್ಲಿ ಗುಡಿಸಲು ಕಟ್ಟಿಕೊಂಡು, ಸಂಧಾನದ ವಿದ್ಯೆ ಬೇಕೆಂದು ಬಂದವರಿಗೆ ಕಲಿಸುತ್ತಿದ್ದಳು.

ಅವಳ ಶಿಷ್ಯರಲ್ಲಿ ಕೇತಣನೇ ಚುರುಕು. ಸಂಸ್ಕೃತ ಬಲ್ಲವನು, ಸಭೆಯ ಕನ್ನಡ ಬಲ್ಲವನು. ನಿಂತ ನಿಲುವಿನಲ್ಲಿ ಪದ್ಯ ಕಟ್ಟುತ್ತಿದ್ದ. ಗುರುವಿನ ಎದುರಿಗೂ ಅವನದು ಗ್ರಂಥದ ಮಾತೇ.

ಒಂದು ದಿನ ಕೇಳಿದ: "ಅವ್ವಾ, ತಾವು ಅನೇಕ ಸಭೆಗಳನ್ನು ಕಂಡವರು. ದೂತನಾದವನಿಗೆ ಎಲ್ಲಕ್ಕಿಂತ ಹರಿತವಾದ ಆಯುಧ ಯಾವುದು?"

ರೇಚವ್ವ ಸೊಪ್ಪು ಸೋಸುತ್ತಿದ್ದಳು.

"ಕಿವಿ," ಅಂದಳು.

ಕೇತಣ ನಕ್ಕ. ಅವ್ವ ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡ.

ಹೊಳೆಯ ಆಚೆ ಮೂಡಲ ರಾಜ್ಯ. ಅಲ್ಲಿನ ಹಳೆಯ ಅರಸ ತೀರಿಕೊಂಡು, ಅವನ ಮಗ ಚಂದರಸ ಗದ್ದುಗೆ ಏರುವವನಿದ್ದ. ಯುಗಾದಿಗೆ ಪಟ್ಟಾಭಿಷೇಕ. ಆ ದಿನ ತೊರೆನಾಡಿನ ಗೌಡನೂ ಬಂದು ಸಾಮಂತರ ಸಾಲಿನಲ್ಲಿ ನಿಲ್ಲಬೇಕು ಎಂದು ಹೇಳಿಕೆ ಬಂತು.

ತೊರೆನಾಡು ಯಾರ ಕೈಕೆಳಗೂ ಇದ್ದ ನಾಡಲ್ಲ. ಸಾಮಂತರ ಸಾಲಿನಲ್ಲಿ ನಿಂತರೆ ಇನ್ನು ಮುಂದೆ ಕೈಕೆಳಗೇ. ನಾಡಗೌಡ ಮಾರಯ್ಯ ಗುಡಿಸಲಿಗೆ ಬಂದು ಕೂತ.

"ಅವ್ವಾ, ಯಾರನ್ನ ಕಳಸೂದು? ನಿಮಗ ಇನ್ನ ಅಷ್ಟು ದೂರ ಹೋಗಾಕ ಆಗಂಗಿಲ್ಲ."

ಕೇತಣ ಎದ್ದು ನಿಂತ. "ನಾನು ಹೋಗುತ್ತೇನೆ."

ರೇಚವ್ವ ಅವನನ್ನೇ ನೋಡಿದಳು.

"ಹೋಗು. ನೋಡು, ಕೇಳು, ಬಾ. ಗೆದ್ದು ಬರಬ್ಯಾಡ."

ಸೋತು ಬಾ ಎಂದು ಯಾರಾದರೂ ಕಳಿಸುತ್ತಾರೆಯೇ. ಕೇತಣನಿಗೆ ಅದು ಅರ್ಥವಾಗಲಿಲ್ಲ.

ಮೂಡಲ ರಾಜ್ಯದ ಸಭೆ ತುಂಬಿತ್ತು. ಗದ್ದುಗೆಯ ಪಕ್ಕದಲ್ಲಿ ಮಂತ್ರಿ ದೇಮಯ್ಯ ನಿಂತಿದ್ದ. ದೊಡ್ಡ ಪಂಡಿತ. ದೂತನನ್ನು ಮೇಲಿಂದ ಕೆಳಗೆ ನೋಡಿ ಅಂದ:

"ತೊರೆನಾಡಿನಿಂದ ದೂತ ಬಂದಿದ್ದಾನೆಂದು ಕೇಳಿ ಆಶ್ಚರ್ಯವಾಯಿತು. ಅಲ್ಲಿ ಎಮ್ಮೆಗಳಿಗೂ ಮನುಷ್ಯರಿಗೂ ಒಂದೇ ಭಾಷೆಯಂತೆ."

ಸಭೆ ನಕ್ಕಿತು.

ಕೇತಣ ಕೈಮುಗಿದ. ಅಚ್ಚ ಗ್ರಂಥದ ಕನ್ನಡದಲ್ಲಿ, ಒಂದಕ್ಷರವೂ ಜಾರದ ಹಾಗೆ ಹೇಳಿದ:

"ಸತ್ಯ, ಮಂತ್ರಿವರ್ಯರೇ. ಆದುದರಿಂದಲೇ ತಮ್ಮ ಮಾತು ನನಗೆ ಕೂಡಲೇ ಅರ್ಥವಾಯಿತು."

ಮೊದಲು ಒಬ್ಬ ನಕ್ಕ. ಆಮೇಲೆ ಸಾಲಿಗೆ ಸಾಲೇ ನಕ್ಕಿತು. ಪಂಡಿತರು ತೊಡೆ ತಟ್ಟಿದರು. ದೇಮಯ್ಯ ಏನೋ ಹೇಳಲು ಬಾಯಿ ತೆರೆದ, ಆ ನಗುವಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.

ಆಮೇಲೆ ಕೇತಣ ತೊರೆನಾಡಿನ ಸ್ವಾತಂತ್ರ್ಯದ ಬಗ್ಗೆ ನಿರರ್ಗಳವಾಗಿ ಮಾತಾಡಿದ. ಎಲ್ಲರೂ ತಲೆದೂಗಿದರು. ಹೊರಡುವಾಗ ಒಬ್ಬ ಪಂಡಿತ ಅವನಿಗೆ ತನ್ನ ಶಾಲನ್ನೇ ಹೊದಿಸಿದ.

ಮಾತು ಅವನಿಗಿಂತ ಮೊದಲೇ ಹೊಳೆ ದಾಟಿತು. ಕೇತಣ ಊರು ಮುಟ್ಟುವ ಹೊತ್ತಿಗೆ ಮಂದಿ ಕಾದು ನಿಂತಿದ್ದರು. ಮಾರಯ್ಯ ಅವನನ್ನು ತಬ್ಬಿಕೊಂಡ. "ಇನ್ನೊಮ್ಮೆ ಹೇಳು," ಅಂದ. ಕೇತಣ ಹೇಳಿದ. ಮಾರಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ.

ರೇಚವ್ವ ನಗಲಿಲ್ಲ.

"ಮಾತು ಛಲೋ ಐತಿ," ಅಂದಳು. "ನೀ ಅದನ್ನ ಆಡಿದಾಗ ಅರಸನ ಮಾರಿ ಹೆಂಗಿತ್ತು?"

"ನಾನು ನೋಡಲಿಲ್ಲ, ಅವ್ವಾ."

"ಅದಕ್ಕೂ ಮೊದಲ? ದೇಮಯ್ಯ ಎಮ್ಮಿ ಅಂದಾಗ?"

"ಆಗಲೂ ನೋಡಲಿಲ್ಲ. ಉತ್ತರ ಹೊಂದಿಸುತ್ತಿದ್ದೆ."

"ಅವತ್ತು ದೇಮಯ್ಯ ಸಭಾದಿಂದ ಮನಿಗೆ ಏನು ಒಯ್ದ?"

"ಏನೂ ಇಲ್ಲ," ಅಂದ ಕೇತಣ. ಅವನ ದನಿಯಲ್ಲಿ ಹೆಮ್ಮೆ ಇತ್ತು.

"ಬರಿಗೈಲೆ ಹೋದವ ಸುಮ್ಮನ ಕೂಡಂಗಿಲ್ಲ, ತಮ್ಮಾ."

ದೇಮಯ್ಯ ಸುಮ್ಮನೆ ಕೂಡಲಿಲ್ಲ. ಕೆಲವೇ ದಿನಗಳಲ್ಲಿ ಆಚೆ ದಂಡೆಯಲ್ಲಿ ಡೇರೆಗಳು ಎದ್ದವು. ಕುದುರೆಗಳು ಹೊಳೆಯ ನೀರು ಕುಡಿಯತೊಡಗಿದವು. ಹೊಸ ಹೇಳಿಕೆ ಬಂತು. ನಾಡಗೌಡ ಸಾಲಿನಲ್ಲಿ ನಿಂತರೆ ಸಾಲದು. ತುಂಬಿದ ಸಭೆಯಲ್ಲಿ ತನ್ನ ಕತ್ತಿಯನ್ನು ಅರಸನ ಪಾದದ ಹತ್ತಿರ ಇಟ್ಟು, ಎಲ್ಲರಿಗೂ ಕೇಳುವ ಹಾಗೆ ಶರಣು ಅನ್ನಬೇಕು. ಇಲ್ಲದಿದ್ದರೆ ದಂಡು ಹೊಳೆ ದಾಟುತ್ತದೆ.

"ತಲಿ ಕೊಟ್ಟೇನು," ಅಂದ ಮಾರಯ್ಯ. "ಶರಣು ಅನ್ನಂಗಿಲ್ಲ."

ಹಾಗೆ ಅಂದವನು ಕೇತಣನ ಕಡೆ ತಿರುಗಿ ನೋಡಿದ. ಆ ನೋಟದಲ್ಲಿ ನಗು ಉಳಿದಿರಲಿಲ್ಲ.

ಕೇತಣ ಗುಡಿಸಲಿಗೆ ಬಂದು ಗುರುವಿನ ಎದುರು ಕುಕ್ಕರಿಸಿದ.

"ಅವ್ವಾ, ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ."

"ತಗೋ," ಅಂದಳು ರೇಚವ್ವ. "ಮೊದಲ ನಮ್ಮ ನಾಡಿನಾಗ ತಗೋ. ಇನ್ನ ಮ್ಯಾಲೆ ಅದನ್ನ ಯಾರೂ ಆಡಬಾರದು. ಹೋಗಿ ಹೇಳಿ ಬಾ."

ಕೇತಣ ಊರೂರು ತಿರುಗಿದ. ಆ ಮಾತು ಆಡಬೇಡಿ ಎಂದು ಕೇಳಿಕೊಂಡ. "ಯಾವ ಮಾತು?" ಎಂದು ಕೇಳಿದವರಿಗೆ ಅದನ್ನು ಮತ್ತೆ ಹೇಳಬೇಕಾಯಿತು. ಅವರು ಬಿದ್ದು ಬಿದ್ದು ನಕ್ಕರು. ಒಂದು ಊರಿನಲ್ಲಿ ಹೆಣ್ಣುಮಗಳೊಬ್ಬಳು ಎಮ್ಮೆ ಹಿಂಡುತ್ತಾ, "ಅಲುಗಾಡಬ್ಯಾಡ, ದೇಮಯ್ಯಾ," ಅನ್ನುತ್ತಿದ್ದಳು.

ತಿರುಗಿ ಬಂದಾಗ ಅವನ ಕಾಲಲ್ಲಿ ಬೊಬ್ಬೆ ಎದ್ದಿದ್ದವು.

"ಆಗಲಿಲ್ಲ, ಅವ್ವಾ. ನಾನು ಹೋದಲ್ಲೆಲ್ಲ ಅದು ಇನ್ನಷ್ಟು ಹಬ್ಬಿತು."

"ಹೌದಲ್ಲ. ಕಾಲು ತೊಳಕೊಂಡು ಬಾ. ಉಣ್ಣು."

ಉಂಡ ಮೇಲೆ ರೇಚವ್ವ ಕೇಳಿದಳು:

"ನಮಗ ಏನು ಬೇಕು?"

"ಬಾಗಬಾರದು."

"ಅರಸಗ ಏನು ಬೇಕು?"

"ನಾವು ಬಾಗಬೇಕು."

"ಅದು ಅವ ಕೇಳಿದ್ದು. ಬೇಕಾದದ್ದು ಏನು?"

ಕೇತಣ ಯೋಚಿಸಿದ. ಚಂದರಸ ಇನ್ನೂ ಎಳೆಯ. ಸಾಮಂತರೆಲ್ಲ ಅವನ ಅಪ್ಪನ ವಯಸ್ಸಿನವರು. ಇವನು ಗಟ್ಟಿಯೋ ಟೊಳ್ಳೋ ಎಂದು ಪಟ್ಟದ ದಿನ ನೋಡಲು ಬರುವವರು.

"ಎಲ್ಲರ ಕಣ್ಣೆದುರು ತೊರೆನಾಡು ಬಂದು ನಿಲ್ಲಬೇಕು. ಅವನಿಗೆ ಬೇಕಾದದ್ದು ಅದು."

"ಬರೂದಕ್ಕೂ ಬಾಗೂದಕ್ಕೂ ನಡುವ ಎಷ್ಟು ಜಾಗಾ ಐತಿ?"

"ಬಹಳ ಇದೆ."

"ಅಲ್ಲೆಲ್ಲೋ ಒಂದು ಮಾತು ಬಿದ್ದಿರತೈತಿ. ಹುಡುಕು. ಆದರ ಸಿಕ್ಕ ಮ್ಯಾಲೆ ನೀ ಅದನ್ನ ಆಡಬ್ಯಾಡ."

"ಹುಡುಕಿದವನು ಆಡದಿದ್ದರೆ ಇನ್ನು ಯಾರು ಆಡುತ್ತಾರೆ?"

"ಅವರಾಡಲಿ."

ಕೇತಣ ತಲೆ ತಗ್ಗಿಸಿದ. "ಅವ್ವಾ, ನನ್ನ ಬದಲು ಬೇರೆ ಯಾರನ್ನಾದರೂ ಕಳಿಸಿ. ನನ್ನ ಮುಖ ಕಂಡರೆ ದೇಮಯ್ಯ ಬಾಗಿಲು ಹಾಕಿಸುತ್ತಾನೆ."

"ಹಾಕಿಸಲಿ. ಕೆಡಿಸಿದವನ ಕೈಲೇ ನೆಟ್ಟಗಾಗಬೇಕು. ಮತ್ತ ಒಂದು ಮಾತು. ಅಲ್ಲಿ ಗ್ರಂಥದ ಕನ್ನಡ ಆಡಬ್ಯಾಡ. ನಿಮ್ಮವ್ವನ ಮನ್ಯಾಗ ಹೆಂಗ ಮಾತಾಡ್ತಿದ್ದಿ, ಹಾಂಗ ಮಾತಾಡು."

"ನಗುತ್ತಾರೆ."

"ನಗಬೇಕಂದ್ರ ಮೊದಲ ಕೇಳಬೇಕಲ್ಲ, ತಮ್ಮಾ."

ಕೇತಣ ಎರಡನೆಯ ಸಲ ಹೊಳೆ ದಾಟಿದ. ಈ ಸಲ ಶಾಲು ಹೊದ್ದಿರಲಿಲ್ಲ.

ದೇಮಯ್ಯನ ಮನೆಯ ಬಾಗಿಲಲ್ಲಿ ಆಳುಗಳು ತಡೆದರು. ಕೇತಣ ಹೊಸ್ತಿಲ ಆಚೆ ಬಿಸಿಲಿನಲ್ಲಿ ನಿಂತ. ಹೊತ್ತು ಏರಿತು. ಮಂದಿ ಕೂಡಿದರು. ಇವನೇ ಆ ಎಮ್ಮೆಯ ದೂತ ಎಂದು ಒಬ್ಬರಿಗೊಬ್ಬರು ತೋರಿಸಿದರು. ಮಧ್ಯಾಹ್ನ ಕಳೆದ ಮೇಲೆ ದೇಮಯ್ಯ ಹೊರಗೆ ಬಂದ.

"ಇನ್ನೇನು ಉಳಿದಿದೆ? ಇನ್ನೊಂದು ಚಾಟೂಕ್ತಿ ತಂದಿದ್ದೀಯೋ?"

ಕೇತಣನ ನಾಲಿಗೆಯ ಮೇಲೆ ಉತ್ತರ ಸಿದ್ಧವಿತ್ತು. ಚೆನ್ನಾಗಿಯೂ ಇತ್ತು. ಅದನ್ನು ನುಂಗಿದ.

"ಇಲ್ರಿ. ನಮ್ಮ ಕಡೆ, ಮನಿಗೆ ಬಂದವ ಹಿರಿಯರಿಗೆ ಎದುರು ಮಾತಾಡಿದ್ರ, ಮುಂದಿನ ಸಲ ಬಂದಾಗ ಹೊಸ್ತಿಲ ಹೊರಗ ನಿಂತು, ಒಳಗ ಬರಲೇನು ಅಂತ ಕೇಳಬೇಕ್ರಿ. ನಾ ಹೊರಗ ನಿಂತೀನ್ರಿ. ಬರಲೇನು?"

ದೇಮಯ್ಯ ಕೂಡಿದ ಮಂದಿಯನ್ನು ನೋಡಿದ. ಎಲ್ಲರೂ ಕೇಳಿಸಿಕೊಂಡಿದ್ದರು.

"ಇದನ್ನು ಇಲ್ಲಿ ಹೇಳಿದರೆ ಸಾಲದು. ನೀನು ನಗಿಸಿದ್ದು ಸಭೆಯನ್ನು."

"ಸಭಾದಾಗೂ ಹೇಳ್ತೀನ್ರಿ."

ಮಾರನೆಯ ದಿನ ತುಂಬಿದ ಸಭೆಯಲ್ಲಿ ಕೇತಣ ಅದನ್ನೇ ಹೇಳಿದ. ತೊರೆನಾಡಿನ ಮಾತಿನಲ್ಲೇ ಹೇಳಿದ. ಸಭೆ ನಕ್ಕಿತು. ಕಳೆದ ಸಲ ತೊಡೆ ತಟ್ಟಿದ ಪಂಡಿತರು ಈ ಸಲ ಮೂಗು ಮುರಿದರು. "ಆ ದಿನ ಮಾತಾಡಿದವನು ಇವನೇ ಏನು?" ಅಂದರು.

ಕೇತಣನಿಗೆ ಕಿವಿ ಬಿಸಿಯಾಯಿತು. ಆದರೆ ಈ ಸಲ ಅವನು ನೋಡುತ್ತಿದ್ದ. ದೇಮಯ್ಯನ ಹಣೆಯ ಗಂಟು ಸಡಿಲವಾಯಿತು. ಮತ್ತೆ, ಇಡೀ ಸಭೆಯಲ್ಲಿ ಒಬ್ಬ ಮಾತ್ರ ನಗಲಿಲ್ಲ. ಅವನು ಚಂದರಸ. ಆ ಮಾತು ಎಲ್ಲೋ ಕೇಳಿದ್ದು ಎಂಬಂತೆ ಅವನು ತಲೆ ಒಂದು ಕಡೆಗೆ ವಾಲಿಸಿದ್ದ. ಅವನ ಕಣ್ಣು ಮೇಲೆ, ಅರಮನೆಯ ಹೆಂಗಸರು ಕೂರುವ ಮೊಗಸಾಲೆಯ ತೆರೆಯ ಕಡೆಗೆ ಹೋಗಿ ಬಂತು.

ಆ ತೆರೆಯ ಹಿಂದಿನಿಂದ ಕೇತಣನಿಗೆ ಕರೆ ಬಂತು. ಕರೆದವಳು ಅರಸನ ತಾಯಿ, ಬಾಚಲದೇವಿ.

ಅವಳ ವಿಷಯ ಕೇತಣ ಮುದುಕಿಯರ ಬಾಯಲ್ಲಿ ಕತೆಯ ಹಾಗೆ ಕೇಳಿದ್ದ. ಹಳೆಯ ಅರಸ ಬೇಟೆಗೆ ಬಂದವನು ತೊರೆನಾಡಿನ ಹುಡುಗಿಯನ್ನು ಮೆಚ್ಚಿ ಮದುವೆಯಾಗಿದ್ದ. ಅವಳ ತಾಯಿಯೂ ತೀರಿಕೊಂಡ ಮೇಲೆ ಎರಡು ಕಡೆಯವರೂ ಅದನ್ನು ಮರೆತರು.

ನರೆತ ತಲೆಯ ಹೆಂಗಸು ಚಾಪೆಯ ಮೇಲೆ ಕೂತಿದ್ದಳು.

"ಹೊಸ್ತಿಲ ಹೊರಗ ಅಂದೆಲ್ಲ," ಅಂದಳು. "ಇನ್ನೊಮ್ಮೆ ಅನ್ನು."

"ಹೊಸ್ತಿಲ ಹೊರಗ ನಿಂತೀನ್ರಿ."

ಅವಳು ಕಣ್ಣು ಮುಚ್ಚಿ ಕೇಳಿಸಿಕೊಂಡಳು.

"ಇಲ್ಲಿ ನಾ ಬಾಚಲದೇವಿ. ಅಲ್ಲಿ ಬಾಚಿ ಇದ್ದೆ. ಹೊಳೀ ದಂಡಿಗೆ ಹತ್ತಿ ನಮ್ಮ ಮನಿ. ಮುಂದ ಸಿಹಿನೀರ ಬಾವಿ. ಐತೇನು ಅದು?"

ಇದೆ ಅಂದರೆ ಅವಳ ಮುಖ ಅರಳುತ್ತಿತ್ತು. ಅರಸನ ತಾಯಿಯ ಮನಸ್ಸು ಗೆದ್ದ ಹಾಗೆ ಆಗುತ್ತಿತ್ತು. ಒಂದು ಸಣ್ಣ ಮಾತು, ಯಾರು ಹೋಗಿ ನೋಡುತ್ತಾರೆ.

"ಇಲ್ರಿ, ತಾಯಿ. ನೀರು ಬತ್ತಿ ಬಾವಿ ಮುಚ್ಯಾರ. ಮನೀನೂ ಬಿದ್ದೈತ್ರಿ."

ಬಾಚಲದೇವಿ ಚಾಪೆಯ ಅಂಚನ್ನು ಬೆರಳಿನಿಂದ ಸವರಿದಳು. ಆಮೇಲೆ ಅಂದಳು:

"ಅಲ್ಲಿಂದ ವ್ಯಾಪಾರಕ್ಕ ಬಂದವರನ್ನ ಎಷ್ಟೋ ಸಲ ಕೇಳೀನಿ. ಎಲ್ಲಾರೂ ನಾ ಕೇಳಿ ಮುಗಸೂದರೊಳಗ ಐತ್ರಿ ಅಂತಿದ್ರು. ಐತಿ ಅನ್ನೂದು ಕೇಳಿದ ಕೂಡ್ಲೇ ನನಗ ತಿಳೀತಿತ್ತು, ಇವರು ಆ ಕಡೆ ಹೋಗೇ ಇಲ್ಲ ಅಂತ." ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಮತ್ತ ಏನು ಉಳದೈತಿ ಅಲ್ಲಿ?"

"ಮಾತು ಉಳದೈತ್ರಿ."

"ಹೌದು. ಅದು ಉಳದೈತಿ," ಅಂದಳು. "ಬಾ, ಕೂಡು. ಅಪ್ಪ ಮೊದಲ ತೀರಿದ್ದ, ನನಗ ಅಣ್ಣತಮ್ಮರಿಲ್ಲ. ನನ್ನ ಮದುವ್ಯಾಗ ಅಣ್ಣನ ಜಾಗಾದಾಗ ನಿಂತು ಧಾರಿ ಎರದವರು ಆಗಿನ ನಾಡಗೌಡ್ರು. ಅಣ್ಣತಮ್ಮರಿಲ್ಲದ ಹೆಣಮಕ್ಕಳಿಗೆ ನಮ್ಮ ಕಡೆ ನಾಡಗೌಡ್ರೇ ಅಣ್ಣ. ಈಗ ಯಾರು ಗೌಡ್ರು?"

"ಅವರ ಮಗ, ಮಾರಯ್ಯನೋರು."

"ಆಗ ಸಣ್ಣಾಂವ, ಚೊಣ್ಣ ಹಾಕ್ಕೊಂಡು ಓಡ್ಯಾಡತಿದ್ದ." ಅವಳು ಮೊದಲ ಸಲ ನಕ್ಕಳು. ಆಮೇಲೆ ಅವನನ್ನು ದಿಟ್ಟಿಸಿ ನೋಡಿದಳು. "ನೀ ನನ್ನ ಹತ್ತರ ಏನು ಕೇಳಾಕ ಬಂದಿ?"

"ಏನೂ ಇಲ್ರಿ, ತಾಯಿ. ನೀವು ಕರದ್ರಿ, ಬಂದೆ."

ಅಷ್ಟು ಹೇಳಿ ಅವನು ಎದ್ದ.

ಸಂಜೆಗೆ ದೇಮಯ್ಯ ಅವನನ್ನು ಮನೆಗೆ ಕರೆಸಿದ. ಈಗ ದೇಮಯ್ಯನಿಗೆ ಸಮಾಧಾನವಿತ್ತು. ತನ್ನನ್ನು ನಗೆಗೀಡು ಮಾಡಿದವನು ಅದೇ ಸಭೆಯಲ್ಲಿ ಹಿರಿಯರು ಎಂದು ತನ್ನನ್ನು ಕರೆದಿದ್ದ.

ದೇಮಯ್ಯ ಮಣೆಯ ಮೇಲೆ ಅಡಿಕೆಗಳನ್ನು ಜೋಡಿಸುತ್ತಿದ್ದ. ಪಟ್ಟದ ದಿನ ಯಾರು ಎಲ್ಲಿ ಎಂಬುದನ್ನು ಗೊತ್ತುಮಾಡುವುದು ಅವನದೇ ಕೆಲಸ. ಒಂದೊಂದು ಅಡಿಕೆ ಒಬ್ಬೊಬ್ಬ ಅತಿಥಿ.

"ಈ ವಿದ್ಯೆ ನಮ್ಮ ಕಡೆ ಯಾರಿಗೂ ಬರಂಗಿಲ್ರಿ," ಅಂದ ಕೇತಣ. ಅದು ನಿಜವಾಗಿತ್ತು. "ಹೇಳಿಕೊಡ್ರಿ. ಇವು ಯಾರು?"

"ಸಾಮಂತರು. ಇತ್ತ ಪಂಡಿತರು. ಅತ್ತ ದಂಡನಾಯಕರು." ದೇಮಯ್ಯ ಕೊನೆಯ ಅಡಿಕೆಯನ್ನು ಬೆರಳಿನಿಂದ ತಟ್ಟಿದ. "ಇದು ನಿಮ್ಮ ನಾಡಗೌಡ. ಕತ್ತಿ ಇಟ್ಟ ಮೇಲೆ ಇಲ್ಲಿ ನಿಲ್ಲುತ್ತಾನೆ."

ಕೇತಣ ಗದ್ದುಗೆಯ ಬಲಕ್ಕಿದ್ದ ಖಾಲಿ ಜಾಗ ತೋರಿಸಿದ.

"ಇಲ್ಲಿ?"

"ಅದು ಸೋದರಮಾವನ ಜಾಗ. ಸೋದರಮಾವ ಉಡುಗೊರೆಯ ಬಟ್ಟೆ ಹೊದಿಸಿ ಹರಸಿದ ಮೇಲೆಯೇ ಪಟ್ಟ ಕಟ್ಟುವುದು."

"ಯಾರು ನಿಲ್ತಾರ್ರಿ?"

ದೇಮಯ್ಯ ನಿಟ್ಟುಸಿರು ಬಿಟ್ಟ. "ಅದೇ ತೊಂದರೆ. ರಾಜಮಾತೆಯವರ ತವರು ತರಂಗಿಣೀಪುರ ಎಂದು ಮದುವೆಯ ಓಲೆಯಲ್ಲಿ ಬರೆದಿದೆ. ಅಲ್ಲಿ ಅವರ ವಂಶ ನಿಂತುಹೋಗಿದೆ. ಆ ಊರು ಯಾವುದು ಎಂದು ಹೇಳುವವರೂ ಇಲ್ಲ, ರಾಜಮಾತೆಯವರು ತವರಿನ ಮಾತೆತ್ತುವುದೇ ಇಲ್ಲ. ಜಾಗ ಖಾಲಿ ಬಿಟ್ಟರೆ ಸಾಮಂತರು ಆಡಿಕೊಳ್ಳುತ್ತಾರೆ, ಅರಸನಿಗೆ ತಾಯಿಯ ಕಡೆಯವರೇ ಇಲ್ಲ ಎಂದು."

ಕೇತಣನಿಗೆ ಹೊಳೆಯಿತು. ಬರುವುದಕ್ಕೂ ಬಾಗುವುದಕ್ಕೂ ನಡುವೆ ಬಿದ್ದಿದ್ದ ಮಾತು ಎದುರಿಗೇ ಇತ್ತು. ಬಾಯಿ ತೆರೆದರೆ ಸಾಕು. ಎಂಥ ಮಾತು. ಕಳೆದ ಸಲದ್ದಕ್ಕಿಂತ ನೂರು ಪಾಲು ಚೆಂದದ್ದು.

ಅವನು ಹಲ್ಲು ಕಚ್ಚಿ ಕೂತ. ಆಮೇಲೆ ಮೆಲ್ಲಗೆ ಕೇಳಿದ:

"ನೀವು ಪಂಡಿತರು. ಒಂದು ಕೇಳತೀನ್ರಿ. ತರಂಗಿಣಿ ಅಂದ್ರ ಏನ್ರಿ?"

"ಅಷ್ಟೂ ಗೊತ್ತಿಲ್ಲವೇ. ತರಂಗಿಣಿ ಎಂದರೆ ನದಿ. ಹೊಳೆ. ತೊರೆ."

ದೇಮಯ್ಯನ ಕೈ ಅಲ್ಲೇ ನಿಂತಿತು.

ಕೇತಣ ಅಡಿಕೆಗಳನ್ನೇ ನೋಡುತ್ತಿದ್ದ. ಹೊರಗೆ ಯಾರೋ ದನಕ್ಕೆ ನೀರು ತೋರಿಸುತ್ತಿದ್ದರು.

"ರಾಜಮಾತೆಯವರಿಗೆ ಧಾರೆ ಎರೆದವನು ಆ ನಾಡಿನ ಗೌಡ ಎಂದು ಕೇಳಿದ್ದೇನೆ," ಅಂದ ದೇಮಯ್ಯ, ತನಗೆ ತಾನೇ ಹೇಳಿಕೊಳ್ಳುವ ಹಾಗೆ. "ಹಾಗಾದರೆ ಈಗಿನ ಗೌಡ..."

ಅವನು ಕೊನೆಯ ಅಡಿಕೆಯನ್ನು ಎತ್ತಿಕೊಂಡ. ಬೆರಳುಗಳ ನಡುವೆ ತಿರುಗಿಸಿದ. ಗದ್ದುಗೆಯ ಬಲಕ್ಕೆ ತಂದು ಇಟ್ಟ. ಸ್ವಲ್ಪ ದೂರ ಸರಿದು ನೋಡಿದ.

"ತೊರೆನಾಡು ಎಲ್ಲರ ಎದುರಿಗೆ ಬಂದ ಹಾಗೂ ಆಯಿತು. ಈ ಜಾಗ ತುಂಬಿದ ಹಾಗೂ ಆಯಿತು." ಅವನ ಮುಖ ಬೆಳಗಿತು. "ನನಗೆ ಇದು ಮೊದಲೇ ಯಾಕೆ ಹೊಳೆಯಲಿಲ್ಲ? ಅರಸರಿಗೆ ಈಗಲೇ ಹೇಳಬೇಕು."

"ನೀವೇ ಹೇಳಬೇಕ್ರಿ," ಅಂದ ಕೇತಣ. "ಬ್ಯಾರೆ ಯಾರು ಹೇಳಿದ್ರೂ ಆ ತೂಕ ಬರಂಗಿಲ್ಲ."

ಸಭೆಯಲ್ಲಿ ದೇಮಯ್ಯ ಅದನ್ನು ಬಹಳ ಚೆನ್ನಾಗಿ ಹೇಳಿದ. ತರಂಗಿಣಿಯಿಂದ ಶುರುಮಾಡಿ ತೊರೆಗೆ ಬಂದ. ಪಂಡಿತರು ತಲೆದೂಗಿದರು. ಚಂದರಸ ಕೇಳಿದ:

"ಹಾಗಾದರೆ ಅವರು ಕತ್ತಿ ಇಡುವುದಿಲ್ಲವೇ?"

"ಸೋದರಮಾವ ಕತ್ತಿ ಇಡುವ ಪದ್ಧತಿ ಇಲ್ಲ, ಪ್ರಭು. ಅಳಿಯನೇ ಮಾವನ ಪಾದ ಮುಟ್ಟಿ ಹರಕೆ ಪಡೆಯಬೇಕು."

ದಂಡನಾಯಕರು ಗುಸುಗುಸು ಅಂದರು. ಆಗ ಮೇಲಿನ ತೆರೆ ಸರಿಯಿತು. ಬಾಚಲದೇವಿ ಎದ್ದು ನಿಂತಿದ್ದಳು. ಅರಮನೆಗೆ ಬಂದ ಮೇಲೆ ಅವಳು ಆ ಸಭೆಯಲ್ಲಿ ಒಂದು ಮಾತೂ ಆಡಿದವಳಲ್ಲ.

"ಅಪ್ಪಾ," ಅಂದಳು. "ನನ್ನ ತವರಿನವರು ಬರಲಿ."

ತೊರೆನಾಡಿನ ಮಾತು. ಸಭೆಗೆ ಸಭೆಯೇ ಕೇಳಿಸಿಕೊಂಡಿತು. ಯಾರೂ ನಗಲಿಲ್ಲ.

ಚಂದರಸ ಎದ್ದು ನಿಂತ. ತಾಯಿಯ ಜೊತೆ ಒಬ್ಬನೇ ಇದ್ದಾಗ ಆಡುತ್ತಿದ್ದ ಮಾತನ್ನು ಅವನು ಆ ದಿನ ಎಲ್ಲರ ಎದುರಿಗೆ ಆಡಿದ.

"ಆಗಲವ್ವಾ. ಬರಲಿ."

ಕೇತಣ ಕಂಬದ ಪಕ್ಕದಲ್ಲಿ ನಿಂತಿದ್ದ. ತನ್ನ ಅವ್ವನ ಮನೆಯ ಮಾತು ಗದ್ದುಗೆಯಿಂದ ಇಳಿದು ಬಂದದ್ದನ್ನು ಕೇಳಿ ಅವನ ಬೆನ್ನು ತಾನಾಗಿಯೇ ನೆಟ್ಟಗಾಯಿತು.

ಊರಿಗೆ ಬಂದು ಮಾರಯ್ಯನಿಗೆ ಹೇಳಿದಾಗ ಅವನು ನಂಬಲಿಲ್ಲ.

"ನಾ ಅಲ್ಲಿ ಹೋಗಿ ಶರಣು ಅನ್ನಬೇಕೇನು?"

"ಇಲ್ರಿ, ಗೌಡ್ರ. ಹರಸಬೇಕು."

ಯುಗಾದಿಯ ದಿನ ತೊರೆನಾಡಿನ ಮಂದಿ ಹೊಸ ಬಟ್ಟೆ ಉಟ್ಟು ಹೊಳೆ ದಾಟಿದರು. ಆಚೆ ದಂಡೆಯಲ್ಲಿ ದಂಡಿನವರು ಡೇರೆ ಕಿತ್ತು ದಾರಿ ಬಿಟ್ಟಿದ್ದರು. ಮಾರಯ್ಯ ಕತ್ತಿಯನ್ನು ನಡುವಿನಲ್ಲೇ ಕಟ್ಟಿಕೊಂಡು, ತಲೆಯ ಮೇಲೆ ಉಡುಗೊರೆಯ ಬುಟ್ಟಿ ಹೊತ್ತು ಸಭೆಯೊಳಗೆ ನಡೆದ. ಸಾಮಂತರ ಸಾಲು ದಾಟಿದ. ಗದ್ದುಗೆಯ ಬಲಕ್ಕೆ ಹೋಗಿ ನಿಂತ. ತೊರೆನಾಡಿನ ಮಗ್ಗದಲ್ಲಿ ನೇಯ್ದ ಧೋತರವನ್ನು ಅರಸನಿಗೆ ಹೊದಿಸಿದ.

ಚಂದರಸ ಬಾಗಿ ಅವನ ಪಾದ ಮುಟ್ಟಿದ.

"ನೂರು ವರ್ಷ ಬಾಳಪ್ಪಾ," ಅಂದ ಮಾರಯ್ಯ. ಮೇಲೆ ತೆರೆ ಇರಲಿಲ್ಲ. ಬಾಚಲದೇವಿ ಎಲ್ಲರಿಗೂ ಕಾಣುವ ಹಾಗೆ ಕೂತಿದ್ದಳು.

ಹೊಗಳುಭಟರು ಹೊಗಳಿದರು. ತಾಯಿಯ ತವರಿಗೆ ತಲೆಬಾಗಿದ ಅರಸನ ದೊಡ್ಡತನವನ್ನು ಹಾಡಿದರು. ಮರೆತ ನಂಟನ್ನು ಹುಡುಕಿ ತೆಗೆದ ಮಂತ್ರಿ ದೇಮಯ್ಯನ ಜಾಣತನವನ್ನು ಹಾಡಿದರು. ತೊರೆನಾಡಿನಲ್ಲಿ ಮಾರಯ್ಯನ ಗತ್ತನ್ನು ಹಾಡಿದರು. ಯಾವ ಹಾಡಿನಲ್ಲೂ ಕೇತಣನ ಹೆಸರಿರಲಿಲ್ಲ.

"ಅವರ ಪುಣ್ಯ, ದೇಮಯ್ಯನಂಥ ಮಂತ್ರಿ ಇದ್ದ," ಅನ್ನುತ್ತಿದ್ದರು ಊರ ಮಂದಿ. "ನಮ್ಮ ಕೇತಣನ ಮ್ಯಾಲೇ ಬಿಟ್ಟಿದ್ರ ಏನಾಗತಿತ್ತೋ."

ಕೇತಣ ಕೇಳಿಸಿಕೊಂಡು ಮುಂದೆ ಹೋಗುತ್ತಿದ್ದ. ಕೆಲವು ದಿನ ಅವನಿಗೆ ಊಟ ಸೇರಲಿಲ್ಲ.

ಬೇಸಗೆ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ದೇಮಯ್ಯನೇ ಹರಿಗೋಲಿನಲ್ಲಿ ಬಂದಿಳಿದ. ಅರಸನ ಮಾವನ ನಾಡನ್ನು ಒಮ್ಮೆ ನೋಡಿ ಹೋಗಬೇಕೆಂದು ಬಂದವನು, ರೇಚವ್ವನ ಹೆಸರು ಕೇಳಿ ಗುಡಿಸಲಿಗೂ ಬಂದ. ಕೇತಣ ಚಾಪೆ ಹಾಸಿದ. ಮಜ್ಜಿಗೆ ತಂದುಕೊಟ್ಟ.

ದೇಮಯ್ಯ ಮಜ್ಜಿಗೆ ಕುಡಿಯುತ್ತಾ ಆ ಸಂಜೆಯ ಕತೆಯನ್ನು ಹೇಳಿದ. ಅಡಿಕೆ ಜೋಡಿಸುತ್ತಿದ್ದದ್ದು, ತರಂಗಿಣಿ ಎಂಬ ಪದ ತಟ್ಟನೆ ಬೆಳಕಾದದ್ದು, ಕೊನೆಯ ಅಡಿಕೆಯನ್ನು ಎತ್ತಿ ಬಲಕ್ಕೆ ಇಟ್ಟದ್ದು. ಹೇಳುತ್ತಾ ಹೇಳುತ್ತಾ ಅವನಿಗೆ ಹುರುಪು ಬಂತು.

"ಈಗ ದಂಡನಾಯಕರು ಯಾರಾದರೂ ಈ ನಾಡಿನ ಬಗ್ಗೆ ಹಗುರಾಗಿ ಮಾತಾಡಿದರೆ ನಾನು ಬಿಡುವುದಿಲ್ಲ," ಅಂದ. "ಈ ನಂಟನ್ನು ಕಂಡುಹಿಡಿದವನು ನಾನು. ನಾನಿರುವ ತನಕ ಇದಕ್ಕೆ ಕುಂದು ಬರಗೊಡುವುದಿಲ್ಲ."

"ದೊಡ್ಡ ಮಾತು," ಅಂದಳು ರೇಚವ್ವ. "ನಮ್ಮ ನಾಡು ನೆನಸತೈತ್ರಿ."

"ನಿಮ್ಮ ಶಿಷ್ಯನೂ ಅಲ್ಲೇ ಇದ್ದ." ದೇಮಯ್ಯ ಕೇತಣನ ಕಡೆ ನೋಡಿ ನಕ್ಕ. ಆ ನಗುವಿನಲ್ಲಿ ಪ್ರೀತಿ ಇತ್ತು. "ತರಂಗಿಣಿ ಎಂದರೆ ಏನು ಎಂದು ಕೇಳಿದ ಪುಣ್ಯಾತ್ಮ. ಇನ್ನಷ್ಟು ಸಂಸ್ಕೃತ ಕಲಿಸಿ ಅವನಿಗೆ."

ರೇಚವ್ವ ಕೇತಣನನ್ನು ನೋಡಿದಳು.

ಕೇತಣ ದೇಮಯ್ಯನ ಲೋಟಕ್ಕೆ ಇನ್ನಷ್ಟು ಮಜ್ಜಿಗೆ ಹಾಕಿದ. "ಕಲೀತೀನ್ರಿ," ಅಂದ.

ಹರಿಗೋಲು ನಡುಹೊಳೆ ಸೇರುವ ತನಕ ಗುರು ಶಿಷ್ಯರು ದಂಡೆಯಲ್ಲಿ ನಿಂತಿದ್ದರು. ದೇಮಯ್ಯ ತಿರುಗಿ ಕೈ ಬೀಸಿದ. ಇವರೂ ಬೀಸಿದರು.

"ಅವ್ವಾ, ಒಂದು ಗಳಿಗಿ ನಾಲಿಗಿ ತುದಿಗೆ ಬಂದಿತ್ರಿ."

"ಏನು?"

"ಅದು ನನ್ನ ಮಾತು ಅಂತ."

"ಮತ್ತ ಯಾಕ ಬಿಟ್ಟಿ?"

ಕೇತಣ ಹೊಳೆಯ ಕಡೆ ನೋಡುತ್ತಾ ಅಂದ: "ನನ್ನದಾದ್ರ ಅದನ್ನ ನಾ ಒಬ್ಬನ ಕಾಯಬೇಕು. ಈಗ ಅಂವ ಕಾಯ್ತಾನ್ರಿ."

ರೇಚವ್ವ ಅವನ ಹೆಗಲ ಮೇಲೆ ಕೈಯಿಟ್ಟಳು. ದಂಡೆ ಏರಲು ಊರುಗೋಲು ಹಿಡಿಯುವವಳು ಈ ದಿನ ಆ ಹೆಗಲನ್ನೇ ಹಿಡಿದು ಏರಿದಳು. ಗುಡಿಸಲಿನ ಹತ್ತಿರ ಬಂದಾಗ ಕೇತಣ ನಿಂತ. ಇಷ್ಟು ವರ್ಷ ಕೇಳದಿದ್ದ ಒಂದು ಪ್ರಶ್ನೆ ಅವನಿಗೆ ಹೊಳೆದಿತ್ತು.

"ಅವ್ವಾ, ಹೀಂಗ ನಿಮ್ಮವೂ ಎಷ್ಟು ಮಾತು ಮಂದಿ ಬಾಯಾಗ ಅದಾವ್ರಿ?"

ರೇಚವ್ವ ಸುತ್ತಲೂ ನೋಡಿದಳು. ಗದ್ದೆಗಳಲ್ಲಿ ಮಂದಿ ಬಿತ್ತನೆಗೆ ನೆಲ ಹಸನು ಮಾಡುತ್ತಿದ್ದರು.

"ಯಾರಿಗೆ ಗೊತ್ತು, ತಮ್ಮಾ. ಈ ನಾಡಿನಾಗ ಯುದ್ಧ ಕಂಡವರು ಯಾರಾದ್ರೂ ಅದಾರೇನು, ಕೇಳಿ ನೋಡು."